ಲೆನ್ಸ್ ಹಾಕಿಕೊಂಡು ಮಲಗಬಹುದೆ?

(ದತ್ತಿ ಉಪನ್ಯಾಸದ ಲಿಖಿತ ರೂಪ)



ವೈದ್ಯಕೀಯದ ವಿಷಯಗಳನ್ನು ಕನ್ನಡದಲ್ಲಿಯೇ ಜನರ ಮುಂದಿಡಬೇಕೆಂದು ಇಟ್ಟ ದತ್ತಿ ಇದು. ಕಣ್ಣಿನ ಪೊರೆ, ಗ್ಲಾಕೋಮ, ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಆಗುವ ತೊಂದರೆ, ಇವುಗಳ ಬಗ್ಗೆ ಇಂಥ ವೇದಿಕೆಗಳಲ್ಲಿ ಹಲವರು ಮಾತಾಡಿದ್ದಾರೆ. ಅದಕ್ಕಾಗಿ ನಾನು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಕಣ್ಣಿನ ಆಸ್ಪತ್ರೆಗಳಲ್ಲಿ ಈಗ ದಿನಬೆಳಗಾದರೆ ಕೇಳಿಬರುವ ಪ್ರಶ್ನೆ ಅದು: ಡಾಕ್ಟ್ರೇ, ಲೆನ್ಸ್ ಹಾಕಿಕೊಂಡೇ ಮಲಗಬಹುದಾ?

ಕೇಳುವವರು ಯಾರೆಂದು ನೋಡಿದರೆ ಪ್ರಶ್ನೆಯ ಹಿಂದಿನ ಕಷ್ಟವೂ ತಿಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಕ್ಯಾಬಿನಲ್ಲೇ ನಿದ್ದೆಗೆ ಜಾರುವ ಸಾಫ್ಟ್‌ವೇರ್ ಉದ್ಯೋಗಿ, ಡ್ಯೂಟಿಯ ನಡುವೆ ಅರ್ಧ ಗಂಟೆ ಒರಗುವ ನರ್ಸ್, ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಸ್ಲೀಪರ್ ಬಸ್ ಹತ್ತುವ ವಿದ್ಯಾರ್ಥಿ. ಅಲುಗಾಡುವ ಬಸ್ಸಿನಲ್ಲಿ ಕೈತೊಳೆಯಲು ನೀರಿಲ್ಲ, ಕನ್ನಡಿಯಿಲ್ಲ. ಲೆನ್ಸ್ ತೆಗೆಯುವುದಾದರೂ ಹೇಗೆ? ಅಷ್ಟರಲ್ಲಿ ಅಂಗಡಿಯವರೊಬ್ಬರು ‘ಇದು ಎಕ್ಸ್‌ಟೆಂಡೆಡ್ ವೇರ್, ತಿಂಗಳುಗಟ್ಟಲೆ ತೆಗೆಯೋದೇ ಬೇಡ’ ಎಂದಿರುತ್ತಾರೆ.

ನನ್ನ ಉತ್ತರವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಕೆಲವು ಲೆನ್ಸ್‌ಗಳನ್ನು ಹಾಕಿಕೊಂಡು ಮಲಗಲು ಅನುಮತಿ ಇದೆ. ಆ ಅನುಮತಿಯ ಅರ್ಥ ‘ಇದಕ್ಕಿಂತ ಹೆಚ್ಚು ಬೇಡ’ ಎಂದು. ‘ಇಷ್ಟು ದಿನ ಧರಿಸಿ’ ಎಂದು ಅದನ್ನು ಓದಿಕೊಳ್ಳಬಾರದು. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದನ್ನು ವಿವರಿಸುವುದೇ ಇವತ್ತಿನ ನನ್ನ ಕೆಲಸ.

ರಕ್ತನಾಳವಿಲ್ಲದ ಅಂಗಾಂಶ

ಕಣ್ಣಿನ ಮುಂಭಾಗದಲ್ಲಿ, ಬಣ್ಣದ ಭಾಗದ ಎದುರಿಗೆ ಇರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ದಪ್ಪ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್. ಬೆಳಕು ತಡೆಯಿಲ್ಲದೆ ಒಳಗೆ ಹೋಗಬೇಕಾದ್ದರಿಂದ ಅಲ್ಲಿ ರಕ್ತನಾಳಗಳಿಲ್ಲ. ರಕ್ತವಿಲ್ಲದಿದ್ದರೂ ಜೀವಕೋಶಗಳಿಗೆ ಆಮ್ಲಜನಕ ಬೇಕೇ ಬೇಕು. ಕಣ್ಣು ತೆರೆದಿರುವಾಗ ಅದು ಹೊರಗಿನ ಗಾಳಿಯಿಂದ ಕಣ್ಣೀರಿನ ತೆಳುಪದರದಲ್ಲಿ ಕರಗಿ ಕಾರ್ನಿಯಾಕ್ಕೆ ಸೇರುತ್ತದೆ. ರೆಪ್ಪೆ ಮುಚ್ಚಿದಾಗ ಆ ದಾರಿ ಬಂದ್ ಆಗುತ್ತದೆ. ಆಗ ರೆಪ್ಪೆಯ ಒಳಮೈಯಲ್ಲಿರುವ ಸಣ್ಣ ರಕ್ತನಾಳಗಳೇ ಆಧಾರ. ಅವುಗಳಿಂದ ಸಿಗುವುದು ಹಗಲಿನ ಮೂರನೆಯ ಒಂದು ಭಾಗದಷ್ಟು ಆಮ್ಲಜನಕ ಮಾತ್ರ.

ಹೀಗಾಗಿ ಲೆನ್ಸ್ ಇಲ್ಲದ ಆರೋಗ್ಯವಂತ ಕಣ್ಣಿನಲ್ಲೂ ರಾತ್ರಿ ನಿದ್ದೆಯಲ್ಲಿ ಕಾರ್ನಿಯಾ ಶೇ. 3ರಿಂದ 4ರಷ್ಟು ಊದಿಕೊಳ್ಳುತ್ತದೆ. ಬೆಳಗ್ಗೆ ಕಣ್ಣು ಬಿಟ್ಟ ಸ್ವಲ್ಪ ಹೊತ್ತಿಗೆ ಊತ ಇಳಿಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಈಗ ಮುಚ್ಚಿದ ರೆಪ್ಪೆಗೂ ಕಾರ್ನಿಯಾಕ್ಕೂ ನಡುವೆ ಒಂದು ಪ್ಲಾಸ್ಟಿಕ್ ಪದರ ಸೇರಿಸಿ ನೋಡಿ. ಮೊದಲೇ ಕಡಿಮೆಯಿದ್ದ ಆಮ್ಲಜನಕ ಇನ್ನೂ ಕಡಿಮೆಯಾಗುತ್ತದೆ. ಹಳೆಯ ಬಗೆಯ ಮೃದು ಲೆನ್ಸ್‌ಗಳಲ್ಲಿ ರಾತ್ರಿಯ ಊತ ಶೇ. 10ನ್ನೂ ಮುಟ್ಟುತ್ತಿತ್ತು. ಹೀಗೆ ವರ್ಷಗಟ್ಟಲೆ ನಡೆದರೆ ಗಾಳಿ ಸಿಗದ ಕಾರ್ನಿಯಾದೊಳಕ್ಕೆ ಅಂಚಿನಿಂದ ಹೊಸ ರಕ್ತನಾಳಗಳು ಬೆಳೆಯತೊಡಗುತ್ತವೆ, ಮೇಲ್ಪದರ ತೆಳುವಾಗುತ್ತದೆ, ಅದು ಹೊಸದಾಗುವ ವೇಗವೂ ತಗ್ಗುತ್ತದೆ. ಇವುಗಳ ಜೊತೆಗೆ ಇನ್ನೊಂದು ಬದಲಾವಣೆಯಿದೆ, ಅದು ನಮ್ಮನ್ನು ಮೋಸಗೊಳಿಸುವಂಥದು: ಕಾರ್ನಿಯಾದ ಸ್ಪರ್ಶಜ್ಞಾನ ಮಂದವಾಗುತ್ತದೆ. ದೇಹದಲ್ಲೇ ಅತಿ ಹೆಚ್ಚು ನರತುದಿಗಳಿರುವ ಜಾಗಗಳಲ್ಲೊಂದು ತನ್ನ ದೂರನ್ನು ಮೆಲ್ಲನೆ ಹೇಳಲಾರಂಭಿಸುತ್ತದೆ. ‘ನನಗೇನೂ ನೋವಿಲ್ಲ, ಹತ್ತು ವರ್ಷದಿಂದ ಹೀಗೇ ಮಲಗ್ತಿದ್ದೀನಿ’ ಎನ್ನುವವರ ಧೈರ್ಯವನ್ನು ನಾವು ವೈದ್ಯರು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ.

ಮೂವತ್ತು, ಏಳು, ಮತ್ತೆ ಮೂವತ್ತು

ಇಂದಿನ ಮೃದು ಲೆನ್ಸ್‌ಗೆ ಮೂಲಪುರುಷ ಚೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. ಸಹೋದ್ಯೋಗಿ ದ್ರಾಹೊಸ್ಲಾವ್ ಲಿಮ್ ಜೊತೆಗೂಡಿ ಅವರು ನೀರು ಹೀರಿ ಮೆತ್ತಗಾಗುವ ಹೈಡ್ರೋಜೆಲ್ ಎಂಬ ವಸ್ತುವನ್ನು ರೂಪಿಸಿದರು. 1961ರ ಕ್ರಿಸ್‌ಮಸ್ ಸಮಯದಲ್ಲಿ ತಮ್ಮ ಮನೆಯಲ್ಲೇ, ಮಕ್ಕಳ ಆಟದ ಮರ್ಕುರ್ ಸೆಟ್ಟಿನ ಬಿಡಿಭಾಗಗಳಿಂದಲೂ ಸೈಕಲ್ ಡೈನಮೋದಿಂದಲೂ ಯಂತ್ರ ಕಟ್ಟಿ, ಅಚ್ಚನ್ನು ತಿರುಗಿಸಿ ಲೆನ್ಸ್ ಎರಕ ಹೊಯ್ದರು. 1971ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ ಮೃದು ಲೆನ್ಸ್ ಮಾರಾಟಕ್ಕೆ ಒಪ್ಪಿಗೆ ನೀಡಿತು. ಅದು ಹಗಲಿಗೆ ಮಾತ್ರ ಮೀಸಲಾದ ಲೆನ್ಸ್.

ರಾತ್ರಿಯೂ ಕಣ್ಣಲ್ಲೇ ಇರುವ ಲೆನ್ಸ್‌ನ ಅಗತ್ಯ ಹುಟ್ಟಿದ್ದು ಶೋಕಿಗಾಗಿ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಇಲ್ಲಿರುವ ಹಿರಿಯರಿಗೆ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಸ್ತ್ರಚಿಕಿತ್ಸೆಯ ಶಿಬಿರಗಳ ಕಾಲ ನೆನಪಿರಬಹುದು. ಆಗೆಲ್ಲ ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೃತಕ ಮಸೂರ ಇಡುವ ಪದ್ಧತಿ ಇನ್ನೂ ಸಾಮಾನ್ಯವಾಗಿರಲಿಲ್ಲ, ರೋಗಿಗೆ ದಪ್ಪ ಗಾಜಿನ ಕನ್ನಡಕವೇ ಗತಿ. ಅದರಲ್ಲಿ ವಸ್ತುಗಳು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದಿಂದ ಬಂದವರು ಫಕ್ಕನೆ ಎದುರಿಗೆ ಪ್ರತ್ಯಕ್ಷರಾದಂತೆ ಅನಿಸುತ್ತಿತ್ತು. ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಈ ತೊಂದರೆ ಕಡಿಮೆ. ಆದರೆ ನಡುಗುವ ಕೈಯ, ಹತ್ತಿರದ್ದು ಕಾಣದ ವೃದ್ಧರು ದಿನಾ ಅದನ್ನು ಹಾಕಿ ತೆಗೆಯುವುದು ಹೇಗೆ? ಇಂಥವರನ್ನು ಮುಂದಿಟ್ಟುಕೊಂಡು 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಡಿ ಕಾರ್ಲ್ ನೀರಿನಂಶ ಹೆಚ್ಚಿರುವ ಪರ್ಮಾಲೆನ್ಸ್ ಎಂಬ ಲೆನ್ಸ್ ತಂದರು. ಜನ್ಮಜಾತ ಪೊರೆಯ ಶಸ್ತ್ರಚಿಕಿತ್ಸೆಯಾದ ಹಸುಗೂಸುಗಳಿಗೂ ಹಲವು ದಿನ ಕಣ್ಣಲ್ಲೇ ಇರುವ ಲೆನ್ಸ್ ಇಂದಿಗೂ ಉಪಯುಕ್ತ. ಕಾರ್ನಿಯಾ ಗಾಯ ಮಾಯುವವರೆಗೆ ಪಟ್ಟಿಯಂತೆ ಹಾಕುವ ಬ್ಯಾಂಡೇಜ್ ಲೆನ್ಸ್ ಕೂಡ ಇದೇ ಬಳಗದ್ದು. ಇವೆಲ್ಲ ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಚಿಕಿತ್ಸೆಗಳು.

1981ರಲ್ಲಿ ಎಫ್‌ಡಿಎ ಈ ಸೌಲಭ್ಯವನ್ನು ಕನ್ನಡಕ ಬೇಡವೆನ್ನುವ ಎಲ್ಲರಿಗೂ ತೆರೆಯಿತು. ಒಮ್ಮೆ ಹಾಕಿದರೆ 30 ದಿನ. ಲಕ್ಷಾಂತರ ಜನ ಧರಿಸಿದರು. ಕೆಲವೇ ವರ್ಷಗಳಲ್ಲಿ ಸೋಂಕಿನಿಂದ ಕಾರ್ನಿಯಾ ಹುಣ್ಣಾದ ರೋಗಿಗಳು ಆಸ್ಪತ್ರೆಗಳಿಗೆ ಬರತೊಡಗಿದರು. 1989ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಬಂದವು. ಹಗಲು ಬಳಕೆಯ ಮೃದು ಲೆನ್ಸ್ ಧರಿಸುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಮಂದಿಗೆ ಹುಣ್ಣಾದರೆ, ದೀರ್ಘಾವಧಿ (ಎಕ್ಸ್‌ಟೆಂಡೆಡ್ ವೇರ್) ಲೆನ್ಸ್‌ನವರಲ್ಲಿ ಸುಮಾರು 21 ಮಂದಿಗೆ ಆಗುತ್ತಿತ್ತು. ತೆಗೆಯದೆ ಕಳೆದ ರಾತ್ರಿಗಳು ಹೆಚ್ಚಾದಷ್ಟೂ ಅಪಾಯ ಹೆಚ್ಚು ಎಂಬುದೂ ಸ್ಪಷ್ಟವಾಯಿತು. ಎಫ್‌ಡಿಎ ಆ ವರ್ಷವೇ 30 ದಿನದ ಮಿತಿಯನ್ನು 7 ದಿನಕ್ಕೆ ಇಳಿಸಿತು.

ವಿಜ್ಞಾನಿಗಳು ಆಗ ಆಮ್ಲಜನಕದ ಕೊರತೆಯತ್ತ ಬೆರಳು ತೋರಿಸಿದರು, ತಪ್ಪೇನಿರಲಿಲ್ಲ. ಸಿಡ್ನಿಯ ಬ್ರಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಜ್ 1984ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಲೆನ್ಸ್ ತನ್ನ ಮೂಲಕ ಎಷ್ಟು ಆಮ್ಲಜನಕ ಬಿಡುತ್ತದೆ ಎಂಬುದಕ್ಕೆ ‘ಡಿಕೆ ಬೈ ಟಿ’ ಎಂಬ ಅಳತೆಯಿದೆ. ಹಗಲಿಗೆ ಅದು 24 ಇದ್ದರೆ ಸಾಕು, ರಾತ್ರಿಗೆ ಕನಿಷ್ಠ 87 ಬೇಕು ಎಂದಿದ್ದರು ಅವರು. ಹಳೆಯ ಹೈಡ್ರೋಜೆಲ್ ಲೆನ್ಸ್‌ಗಳಿಗೆ ಇದು ಕೈಗೆಟುಕದ ಮಾತಾಗಿತ್ತು. 1990ರ ದಶಕದ ಕೊನೆಗೆ ಸಿಲಿಕೋನ್ ಬೆರೆಸಿದ ಹೈಡ್ರೋಜೆಲ್ ಬಂತು. ಅದರಲ್ಲಿ ಒಂದು ಬಗೆಯ ಅಳತೆ ಸುಮಾರು 175, ಕೇಳಿದ್ದರ ಎರಡರಷ್ಟು. 2001ರಲ್ಲಿ ಅಂಥ ಲೆನ್ಸ್‌ಗಳಿಗೆ ಮತ್ತೆ 30 ರಾತ್ರಿಗಳ ಅನುಮತಿ ಸಿಕ್ಕಿತು. ಊತ ಹೋಯಿತು, ಅಂಚಿನ ಕೆಂಪು ಹೋಯಿತು, ಕಾರ್ನಿಯಾದೊಳಕ್ಕೆ ರಕ್ತನಾಳ ನುಗ್ಗುವುದೂ ನಿಂತಿತು. ಸೋಂಕೂ ಹೋಗುತ್ತದೆಂದು ಎಲ್ಲರೂ ಕಾದರು.

ಹೋಗದೆ ಉಳಿದದ್ದು

ಹೋಗಲಿಲ್ಲ. 2008ರಲ್ಲಿ ಫಿಯೊನಾ ಸ್ಟೇಪಲ್‌ಟನ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ಲೆನ್ಸ್ ಧರಿಸುವವರ ಅಧ್ಯಯನ ಪ್ರಕಟಿಸಿದರು. ಹಗಲಿಗೆ ಮಾತ್ರ ಮೃದು ಲೆನ್ಸ್ ಧರಿಸುವವರಲ್ಲಿ ವರ್ಷಕ್ಕೆ 10,000ಕ್ಕೆ 1.9 ಮಂದಿಗೆ ಸೋಂಕು. ಹಳೆಯ ಹೈಡ್ರೋಜೆಲ್ ಧರಿಸಿ ಮಲಗುವವರಲ್ಲಿ 19.5. ಗಾಳಿಯಾಡುವ ಹೊಸ ಸಿಲಿಕೋನ್ ಹೈಡ್ರೋಜೆಲ್ ಧರಿಸಿ ಮಲಗುವವರಲ್ಲಿ 25.4. ಹೊಸ ವಸ್ತು ಹಳೆಯದಕ್ಕಿಂತ ಕೆಟ್ಟದ್ದು ಎಂದು ಇದರಿಂದ ಹೇಳಲಾಗದು, ಇಂಥ ಎಣಿಕೆಯಲ್ಲಿ ಅಷ್ಟು ವ್ಯತ್ಯಾಸ ಸಹಜ. ಉತ್ತಮವಾಗಲಿಲ್ಲ ಎಂಬುದು ಮಾತ್ರ ನಿಜ. ಕಿಟಕಿ ತೆರೆದಿಟ್ಟರೆ ಮನೆಗೆ ಗಾಳಿ ಬರುತ್ತದೆ, ಕಸ ಗುಡಿಸಿದಂತಾಗುವುದಿಲ್ಲ. ಇಲ್ಲಿ ಆದದ್ದೂ ಅದೇ.

ಕಸ ಎಲ್ಲಿಂದ ಬರುತ್ತದೆ? ಎಚ್ಚರವಿರುವಾಗ ನಾವು ನಿಮಿಷಕ್ಕೆ ಹತ್ತಾರು ಸಲ ರೆಪ್ಪೆ ಬಡಿಯುತ್ತೇವೆ. ಪ್ರತಿ ಬಡಿತಕ್ಕೂ ಲೆನ್ಸ್ ಸ್ವಲ್ಪ ಅಲುಗುತ್ತದೆ, ಹೊಸ ಕಣ್ಣೀರು ಅದರ ಕೆಳಗೆ ಹರಿದು ಸತ್ತ ಕೋಶಗಳನ್ನೂ ಸೂಕ್ಷ್ಮಜೀವಿಗಳನ್ನೂ ತೊಳೆದೊಯ್ಯುತ್ತದೆ. ನಿದ್ದೆಯಲ್ಲಿ ಬಡಿತವಿಲ್ಲ. ಲೆನ್ಸ್‌ಗೂ ಕಾರ್ನಿಯಾಕ್ಕೂ ನಡುವಿನ ಕಣ್ಣೀರು ನಿಂತ ನೀರಾಗುತ್ತದೆ, ಕಣ್ಣಿನ ಮೇಲ್ಮೈ ಬೆಚ್ಚಗಾಗುತ್ತದೆ. ಲೆನ್ಸ್‌ಗೆ ಅಂಟಿಕೊಂಡ ಬ್ಯಾಕ್ಟೀರಿಯಾಕ್ಕೆ ಇಡೀ ರಾತ್ರಿ ಒಂದೇ ಜಾಗದಲ್ಲಿ ಬೀಡು ಬಿಡುವ ಅವಕಾಶ ಸಿಗುತ್ತದೆ. ಲೆನ್ಸ್ ಉಜ್ಜಿದ ಕಡೆ ಒಂದು ಸೂಕ್ಷ್ಮ ಗೀರು ಬಿದ್ದಿದ್ದರೆ ಒಳನುಗ್ಗಲು ಬಾಗಿಲೂ ಸಿಕ್ಕಂತೆ. ಹೀಗೆ ನುಗ್ಗುವವುಗಳಲ್ಲಿ ಮೊದಲ ಹೆಸರು ಸ್ಯೂಡೊಮೊನಾಸ್. ತೇವವಿರುವಲ್ಲೆಲ್ಲ ಬದುಕುವ ಈ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲೇ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲದು.

10,000ಕ್ಕೆ 20 ಎಂದರೆ 500ಕ್ಕೆ ಒಬ್ಬರು. ಸಣ್ಣ ಸಂಖ್ಯೆಯೇ ಸರಿ. ಆದರೆ ಅದು ಒಂದು ವರ್ಷದ ಲೆಕ್ಕ. ಹದಿನೆಂಟರಲ್ಲಿ ಶುರುಮಾಡಿದವರು ಇದೇ ಅಭ್ಯಾಸವನ್ನು 20 ವರ್ಷ ನಡೆಸಿದರೆ, ಪ್ರತಿ ವರ್ಷದ ಅಪಾಯ ಒಂದೇ ಎಂದಿಟ್ಟುಕೊಂಡರೂ, ಒಟ್ಟು ಸುಮಾರು 25ಕ್ಕೆ ಒಬ್ಬರಿಗೆ ಬರುತ್ತದೆ. ಸೋಂಕಾದವರೆಲ್ಲ ದೃಷ್ಟಿ ಕಳೆದುಕೊಳ್ಳುವುದಿಲ್ಲ, ಬೇಗ ಬಂದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಆದರೂ ಹುಣ್ಣು ಮಾಯ್ದ ಜಾಗದಲ್ಲಿ ಬಿಳಿ ಕಲೆ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಕಣ್ಣಿಗೆ ಹೂ ಬಿತ್ತು ಎನ್ನುವುದು ಇದನ್ನೇ. ಹೂ ಪಾಪೆಯ ಎದುರಿಗೇ ಬಿದ್ದರೆ ಮುಂದಿನ ದಾರಿ ಕಾರ್ನಿಯಾ ಕಸಿ.

ಧರಿಸಿ ಮಲಗುವುದಾದರೆ

ಹಾಗಾದರೆ ಈ ಲೆನ್ಸ್‌ಗಳನ್ನು ತಿರಸ್ಕರಿಸಬೇಕೆ? ಬೇಕಿಲ್ಲ. ಹೆಚ್ಚು ಆಮ್ಲಜನಕ ಬಿಡುವ ಗುಣ ಹಗಲಿಗೂ ಒಳ್ಳೆಯದೇ. ನನ್ನ ಸಲಹೆ ಇಷ್ಟು: ದೀರ್ಘಾವಧಿ ಲೆನ್ಸ್ ಕೊಳ್ಳಿ, ಹಗಲು ಧರಿಸಿ, ರಾತ್ರಿ ತೆಗೆಯಿರಿ. ಮಲಗುವ ಅನುಮತಿಯನ್ನು ಆ ಸ್ಲೀಪರ್ ಬಸ್ಸಿನಂಥ ರಾತ್ರಿಗಳಿಗಾಗಿ ಉಳಿಸಿಕೊಳ್ಳಿ. ಬಸ್ ಪ್ರಯಾಣವೇ ಪದೇ ಪದೇ ಬರುವವರು ಹತ್ತುವ ಮುಂಚೆ ಮನೆಯಲ್ಲೇ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಲೆನ್ಸ್ ಧರಿಸುವ ಪ್ರತಿಯೊಬ್ಬರ ಬಳಿಯೂ ಈಗಿನ ನಂಬರಿನ ಒಂದು ಕನ್ನಡಕ ಇರಲೇಬೇಕು.

ಇಷ್ಟಾದರೂ ನಿಯಮಿತವಾಗಿ ಧರಿಸಿ ಮಲಗಬೇಕಾದವರು ಮೊದಲು ಕಣ್ಣಿನ ತಪಾಸಣೆ ಮಾಡಿಸಬೇಕು. ಒಣಗಣ್ಣು, ರೆಪ್ಪೆಯಂಚಿನ ಉರಿಯೂತ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹಿಂದೊಮ್ಮೆ ಕಾರ್ನಿಯಾ ಹುಣ್ಣಾದ ಇತಿಹಾಸ ಇದ್ದವರಿಗೆ ರಾತ್ರಿ ಲೆನ್ಸ್ ಸಲ್ಲದು. ಒಂದೇ ಕಣ್ಣಿನಲ್ಲಿ ದೃಷ್ಟಿಯಿರುವವರಿಗಂತೂ ಬೇಡವೇ ಬೇಡ. ಸಿಗರೇಟು ಸೇದುವವರಲ್ಲಿ ಸೋಂಕು ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ತಪಾಸಣೆಯಲ್ಲಿ ಸರಿಯೆನಿಸಿದರೂ ಮೊದಲ ದಿನವೇ ಧರಿಸಿ ಮಲಗಬಾರದು. ಕೆಲವು ದಿನ ಹಗಲಷ್ಟೇ ಧರಿಸಿ ಅಭ್ಯಾಸವಾಗಬೇಕು. ಮೊದಲ ಸಲ ಮಲಗಿದ ಮರುದಿನ ಬೆಳಗ್ಗೆ, ಲೆನ್ಸ್ ಕಣ್ಣಲ್ಲಿರುವಾಗಲೇ ವೈದ್ಯರಿಗೆ ತೋರಿಸಬೇಕು. ರಾತ್ರಿ ಕಣ್ಣಿಗೆ ಏನಾಯಿತೆಂದು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಆಗಲೇ. ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಮರುತಪಾಸಣೆ.

ಡಬ್ಬಿಯ ಮೇಲಿನ ಮಿತಿ ಓದಿ. 7 ದಿನದ ಲೆನ್ಸ್ ಎಂದರೆ 6 ರಾತ್ರಿ, ಏಳನೆಯ ರಾತ್ರಿ ಕಣ್ಣಿಗೆ ಬಿಡುವು. 30 ರಾತ್ರಿಯದನ್ನು ತಿಂಗಳ ಕೊನೆಗೆ ಎಸೆಯಬೇಕು, ‘ಇನ್ನೂ ಚೆನ್ನಾಗೇ ಇದೆ’ ಎಂದು ಎರಡನೆಯ ತಿಂಗಳಿಗೆ ಒಯ್ಯಬಾರದು. ದಿನಕ್ಕೊಂದು ಎಸೆಯುವ ಲೆನ್ಸ್‌ನಲ್ಲಿ ಮಧ್ಯಾಹ್ನದ ಜೊಂಪೂ ಬೇಡ. ಜ್ವರ, ನೆಗಡಿ, ಗಂಟಲು ನೋವು ಇದ್ದ ದಿನಗಳಲ್ಲಿ ಯಾವ ಲೆನ್ಸ್ ಹಾಕಿಯೂ ಮಲಗಬೇಡಿ. ಬೆಳಗ್ಗೆ ಎದ್ದಾಗ ಲೆನ್ಸ್ ಕಣ್ಣಿಗೆ ಅಂಟಿದಂತಾಗಿದ್ದರೆ ಕೀಳಬೇಡಿ. ಲೆನ್ಸ್‌ಗೆಂದೇ ಇರುವ ತೇವಕಾರಕ ಹನಿ ಹಾಕಿ, ರೆಪ್ಪೆ ಬಡಿದು, ಅದು ಅಲುಗಾಡಿದ ಮೇಲೆ ತೆಗೆಯಿರಿ.

ಇನ್ನು ನೀರು. ಲೆನ್ಸ್‌ಗೆ ನೀರು ತಾಕಬಾರದು. ಬೋರ್‌ವೆಲ್ಲಿನದಾಗಲಿ, ಟ್ಯಾಂಕರಿನದಾಗಲಿ, ಕಾವೇರಿಯದಾಗಲಿ, ಸಂಪಿಗೆ ಇಳಿದು ಮೇಲಿನ ಟ್ಯಾಂಕಿಗೆ ಏರಿ ನಲ್ಲಿಗೆ ಬರುವ ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಅದು ಗಟ್ಟಿ ಕೋಶ ಕಟ್ಟಿಕೊಂಡರೆ ಕ್ಲೋರಿನ್ನಿಗೂ ಬಗ್ಗುವುದಿಲ್ಲ. ಕಾರ್ನಿಯಾಕ್ಕೆ ಹೊಕ್ಕರೆ ನೋವು ವಿಪರೀತ, ಚಿಕಿತ್ಸೆ ತಿಂಗಳುಗಟ್ಟಲೆ. ಸ್ನಾನಕ್ಕೂ ಈಜಿಗೂ ಮುಂಚೆ ಲೆನ್ಸ್ ತೆಗೆಯಿರಿ ಎನ್ನುವುದು ಇದಕ್ಕಾಗಿ. ತಿಂಗಳಿಡೀ ಲೆನ್ಸ್ ತೆಗೆಯದವರು ಸ್ನಾನವನ್ನೂ ಅದರಲ್ಲೇ ಮಾಡುತ್ತಾರೆ ಎಂಬುದು ಈ ಬಳಕೆಯ ಇನ್ನೊಂದು ಕಾಣದ ಅಪಾಯ. ಕೈಯನ್ನು ಸೋಪಿನಿಂದ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಂಡ ಮೇಲೆಯೇ ಲೆನ್ಸ್ ಮುಟ್ಟಬೇಕು.

ಲೆನ್ಸ್ ಇಡುವ ಡಬ್ಬಿಯ ನಿನ್ನೆಯ ದ್ರಾವಣಕ್ಕೆ ಇಂದು ನಾಲ್ಕು ಹನಿ ಸೇರಿಸುವ ಉಳಿತಾಯವೂ ಬೇಡ. ಬಾಷ್ ಅಂಡ್ ಲಾಂಬ್ ಕಂಪನಿಯ ಒಂದು ದ್ರಾವಣಕ್ಕೆ ಸಂಬಂಧಿಸಿದಂತೆ 2005–06ರಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಹರಡಿ, 2006ರ ಮೇ ತಿಂಗಳಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಹಳೆಯ ದ್ರಾವಣವನ್ನು ಮರುಬಳಸುವ ರೂಢಿ ಅಪಾಯ ಹೆಚ್ಚಿಸಿತ್ತೆಂದು ತನಿಖೆಯಲ್ಲಿ ಕಂಡುಬಂತು. ಪ್ರತಿ ಸಲ ಹೊಸ ದ್ರಾವಣ, ಲೆನ್ಸನ್ನು ಅಂಗೈಯಲ್ಲಿ ಬೆರಳಿನಿಂದ ಉಜ್ಜುವುದು, ಡಬ್ಬಿಯನ್ನು ದ್ರಾವಣದಲ್ಲೇ ತೊಳೆದು ಕವುಚಿ ಒಣಗಿಸುವುದು, ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸುವುದು, ಇಷ್ಟನ್ನು ರೂಢಿ ಮಾಡಿಕೊಳ್ಳಿ. ಮದುವೆಯ ಮೇಕಪ್ಪಿಗೆಂದು ಬಣ್ಣದ ಲೆನ್ಸ್ ತಂದು ಗೆಳತಿಯರು ಹಂಚಿಕೊಳ್ಳುವುದೂ, ಆರತಕ್ಷತೆಯ ಆಯಾಸದಲ್ಲಿ ಅದರಲ್ಲೇ ಮಲಗುವುದೂ ಕಣ್ಣಿಗೆ ಮಾಡುವ ದ್ರೋಹವೇ ಸರಿ.

ಕೆಂಪು, ನೋವು, ಮಂಜು

ಪ್ರತಿ ಬೆಳಗ್ಗೆ ಕನ್ನಡಿಯ ಮುಂದೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಣ್ಣು ಕೆಂಪಾಗಿದೆಯೆ? ನೋವು, ಚುಚ್ಚು, ಬೆಳಕು ಕಂಡರೆ ಕುಕ್ಕುವುದು ಇದೆಯೆ? ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಮಂಜಾಗಿದೆಯೆ? ಯಾವುದಕ್ಕಾದರೂ ‘ಹೌದು’ ಎಂದಾದರೆ ಆ ಕ್ಷಣವೇ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ಕಡಿಮೆಯಾಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಭಾನುವಾರ ಕಳೆಯಲಿ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ತೆಗೆದ ಲೆನ್ಸನ್ನೂ ಅದರ ಡಬ್ಬಿಯನ್ನೂ ಎಸೆಯದೆ ಜೊತೆಗೇ ಒಯ್ಯಿರಿ, ಯಾವ ಸೂಕ್ಷ್ಮಜೀವಿ ಎಂದು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚಲು ಅವು ನೆರವಾಗುತ್ತವೆ. ಹೋದೊಡನೆ ‘ನಾನು ಲೆನ್ಸ್ ಧರಿಸುತ್ತೇನೆ, ಧರಿಸಿಯೇ ಮಲಗಿದ್ದೆ’ ಎಂದು ಹೇಳಿಬಿಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಮಾಮೂಲಿ ಮದ್ರಾಸ್ ಐ ಎಂದು ತಪ್ಪು ತಿಳಿಯುವ ಸಂಭವವಿದೆ.

ಮಾಡಬಾರದ್ದು ಮೂರು. ಮೆಡಿಕಲ್ ಶಾಪಿನಲ್ಲಿ ‘ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ’ ಎಂದು ಕೇಳಬೇಡಿ. ಅಲ್ಲಿ ಸಿಗುವ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ತಾತ್ಕಾಲಿಕವಾಗಿ ಇಳಿಯುತ್ತದೆ, ಹುಣ್ಣು ಒಳಗೊಳಗೇ ಬೆಳೆಯುತ್ತದೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬೇಡಿ. ಕಣ್ಣಿಗೆ ಪಟ್ಟಿ ಕಟ್ಟಬೇಡಿ, ಮುಚ್ಚಿದ ಬೆಚ್ಚನೆಯ ಕಣ್ಣೇ ಆ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು.

ಯಾರ ಹೊಣೆ?

ಕಾರ್ನಿಯಾ ಕಸಿಯ ಮಾತು ಬಂದಿತ್ತು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಡೆದ ನೇತ್ರದಾನಗಳು ಕನ್ನಡನಾಡಿನ ಮನೆಮನೆಗೆ ಆ ವಿಚಾರ ಮುಟ್ಟಿಸಿದವು. ದಾನವಾಗಿ ಬರುವ ಕಾರ್ನಿಯಾಗಳು ಬೇಡಿಕೆಗೆ ಸಾಲುತ್ತಿಲ್ಲ. ಭತ್ತದ ಗರಿ ತಾಗಿ, ಕಬ್ಬಿನ ಸೋಗೆ ಬಡಿದು ಹುಣ್ಣಾದ ರೈತ ಸರದಿಯಲ್ಲಿ ಕಾಯುತ್ತಿರುತ್ತಾನೆ, ಅವನ ಕೆಲಸದಲ್ಲಿ ಆ ಅಪಾಯ ಇದ್ದೇ ಇದೆ. ಲೆನ್ಸ್‌ನಿಂದಾಗುವ ಹುಣ್ಣು ಬಹುಪಾಲು ತಪ್ಪಿಸಬಹುದಾದದ್ದು. ಆ ಸರದಿಯನ್ನು ನಾವು ಉದ್ದ ಮಾಡಬಾರದು.

ಹೊಣೆಯೆಲ್ಲ ಧರಿಸುವವರದೇ ಎಂದು ಹೇಳಿ ನಾವು ವೈದ್ಯರು ನುಣುಚಿಕೊಳ್ಳುವಂತಿಲ್ಲ. ರೋಗಿಗೆ ಲೆನ್ಸ್ ಹಾಕುವುದನ್ನು ಹೇಳಿಕೊಡಲು ನಾವು ಕೊಡುವ ಸಮಯದ ಅರ್ಧದಷ್ಟನ್ನೂ ಯಾವಾಗ ಹಾಕಬಾರದೆಂದು ಹೇಳಲು ಕೊಡುವುದಿಲ್ಲ. ಕನ್ನಡಕದ ಅಂಗಡಿಯವರು ‘ತೆಗೆಯೋದೇ ಬೇಡ’ ಎಂಬ ಮಾತನ್ನು ಬಿಡಬೇಕು. ಡಬ್ಬಿಯೊಳಗಿನ ಮಡಿಕೆ ಮಡಿಕೆಯ ಕಾಗದದಲ್ಲಿ ಎಲ್ಲ ಎಚ್ಚರಿಕೆಗಳೂ ಇರುತ್ತವೆ, ಸಣ್ಣಕ್ಷರದ ಇಂಗ್ಲಿಷಿನಲ್ಲಿ. ಲೆನ್ಸ್ ಮಾರುವ ಪ್ರತಿ ಅಂಗಡಿಯಲ್ಲೂ, ಬರೆದುಕೊಡುವ ಪ್ರತಿ ಆಸ್ಪತ್ರೆಯಲ್ಲೂ ಒಂದು ಪುಟದ ಕನ್ನಡ ಸೂಚನೆ ಸಿಗುವಂತಾಗಬೇಕು: ಎಷ್ಟು ರಾತ್ರಿಯ ಮಿತಿ, ಯಾವಾಗ ಎಸೆಯಬೇಕು, ನೀರು ತಾಕಬಾರದು, ಕೆಂಪಾದರೆ ಯಾವ ಫೋನ್ ನಂಬರಿಗೆ ಕರೆ ಮಾಡಬೇಕು. ಅಂಥ ಪುಟವನ್ನು ಬರೆದುಕೊಡಲು ನಮ್ಮಲ್ಲಿ ವೈದ್ಯರಿದ್ದಾರೆ, ಅಚ್ಚು ಹಾಕಿಸಲು ಇಂಥ ದತ್ತಿಗಳಿವೆ. ಈ ಉಪನ್ಯಾಸದ ಪ್ರತಿಯ ಜೊತೆಗೇ ಆ ಪುಟವನ್ನೂ ಅಚ್ಚು ಹಾಕಿಸಿ ಊರಿನ ಕನ್ನಡಕದಂಗಡಿಗಳಿಗೆ ಹಂಚಬೇಕೆಂದು ಸಂಘಟಕರಲ್ಲಿ ನನ್ನ ಕೋರಿಕೆ.